ಆರ್ವಿಡ್ ಕಂಡ ಹಾಲು

ಸೈಕಲ್ಲಿನ ಬೀಗಕ್ಕೆ ನಾಲ್ಕು ಅಂಕಿ. ಆ ನಾಲ್ಕೂ ಆರ್ವಿಡ್‌ಗೆ ಕಾಣಲಿಲ್ಲ. ಕಣ್ಣಿನ ಡಾಕ್ಟರು ಬಿಟ್ಟ ಹನಿಗಳಿಂದ ಪಾಪೆಗಳು ಹಿಗ್ಗಿಕೊಂಡಿದ್ದವು, ಮೇ ತಿಂಗಳ ಬೆಳಗಿನ ಬಿಸಿಲು ಹೇಳದೆ ಕೇಳದೆ ಒಳಗೆ ನುಗ್ಗುತ್ತಿತ್ತು. ಬಗ್ಗಿದ, ಕನ್ನಡಕ ತೆಗೆದ, ಮತ್ತೆ ಹಾಕಿದ, ಕೊನೆಗೆ ಬೆರಳಲ್ಲೇ ಕಟ್ ಕಟ್ ಎಂದು ಎಣಿಸಿ ಬೀಗ ಬಿಡಿಸಿದ. ಮಗುವಿನ ಗಾಡಿ ತಳ್ಳಿಕೊಂಡು ಬರುತ್ತಿದ್ದ ಹೆಂಗಸೊಬ್ಬಳು ನಿಂತು "ಸಹಾಯ ಬೇಕಾ?" ಎಂದಳು. "ಬೇಡ ಬೇಡ, ಬೀಗ ತುಕ್ಕು ಹಿಡಿದಿದೆ ಅಷ್ಟೆ" ಎಂದ. ಬೀಗ ಹೋದ ತಿಂಗಳು ಕೊಂಡದ್ದು. ಅರವತ್ತಮೂರು ವರ್ಷದ ಪ್ರೊಫೆಸರು, ಅದೂ ದಕ್ಷಿಣ ಸ್ವೀಡನ್ನಿನ ಈ ಸಣ್ಣ ಊರಿನಲ್ಲಿ ಅರ್ಧ ಜನಕ್ಕೆ ಗುರುತಿರುವವನು, ಏನೂ ತಪ್ಪು ಮಾಡದ ಬೀಗದ ಮೇಲೆ ಚಾಡಿ ಹೇಳಿದ್ದ. ಹೆಂಗಸು ಮುಂದೆ ಹೋದಳು. ಇವನು ಸೈಕಲ್ ಹತ್ತುವ ಧೈರ್ಯವಾಗದೆ ಅದನ್ನು ತಳ್ಳಿಕೊಂಡೇ ನಡೆದ.

ಡಾಕ್ಟರಿಗೆ ಮೂವತ್ತು ದಾಟಿರಲಿಲ್ಲ. ಪ್ಲಾಸ್ಟಿಕ್ಕಿನ ದೊಡ್ಡ ಕಣ್ಣೊಂದನ್ನು ಮೇಜಿನ ಮೇಲಿಟ್ಟು ಹೋಳು ಹೋಳಾಗಿ ಬಿಡಿಸಿ, ಮಧ್ಯದ ಗಾಜಿನಂಥ ಬಿಲ್ಲೆಯನ್ನು ಎತ್ತಿ ಹಿಡಿದಿದ್ದಳು. "ನೋಡು ಆರ್ವಿಡ್, ಇದು ಕಣ್ಣಿನ ಮಸೂರ. ಇದರೊಳಗೆ ಪ್ರೋಟೀನ್ ಅಂತ ಒಂದು ವಸ್ತು ಇರತ್ತೆ. ವಯಸ್ಸಾಗ್ತಾ ಆಗ್ತಾ ಅದು ಬೇಯಿಸಿದ ಮೊಟ್ಟೆ ತರ ಬೆಳ್ಳಗಾಗತ್ತೆ. ನಿಂಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ." ಆರ್ವಿಡ್ ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದ. ಬೇಯಿಸಿದ ಮೊಟ್ಟೆಯ ಈ ಹೋಲಿಕೆಯ ಮೇಲೆ ಅವನು ಇಪ್ಪತ್ತೆಂಟು ವರ್ಷದಿಂದ ಸಮರ ಸಾರಿದ್ದ. ಮೊಟ್ಟೆ ಬೆಂದರೆ ಬೆಂದದ್ದೇ, ಮಸೂರದ ಕಥೆ ಹಾಗಲ್ಲ, ಕರುವಿನ ಮಸೂರವನ್ನು ಐಸಿನ ಮೇಲಿಟ್ಟರೆ ಬೆಳ್ಳಗಾಗುತ್ತದೆ, ಅಂಗೈಯಲ್ಲಿ ಹಿಡಿದರೆ ಮತ್ತೆ ತಿಳಿಯಾಗುತ್ತದೆ, ಮೊಟ್ಟೆ ಹಾಗೆ ಮಾಡುತ್ತದೆಯೇ ಎಂದು ಪ್ರತಿ ವರ್ಷದ ಮೊದಲ ಪಾಠದಲ್ಲೇ ಮೇಜು ಕುಟ್ಟಿ ಕೇಳುತ್ತಿದ್ದ. ಇಂದು ಕೇಳಲಿಲ್ಲ. "ಏನು ಕೆಲಸ ನಿಂದು?" ಎಂದು ಅವಳು ಕೇಳಿದಾಗ "ಇನ್ನೇನು, ನಿವೃತ್ತಿ ಹತ್ತಿರ ಬಂತು" ಎಂದ. ಕೇಳಿದ್ದಕ್ಕೂ ಹೇಳಿದ್ದಕ್ಕೂ ಸಂಬಂಧವೇ ಇರಲಿಲ್ಲ. ಅವಳು ನಕ್ಕು ಇನ್ನೊಂದು ಪ್ರಶ್ನೆ ಹಾಕಿದಳು. "ಇತ್ತೀಚೆಗೆ ಬೆಳಕಿಗೆ ಹಿಡಿದದ್ದೆಲ್ಲ ಮಂಜು ಮಂಜಾಗಿ ಕಾಣ್ತಿತ್ತಾ?"

ಬೆಳಕಿಗೆ ಹಿಡಿದದ್ದೆಲ್ಲ. ಅವನು ಬೆಳಕಿಗೆ ಹಿಡಿಯುತ್ತಿದ್ದದ್ದು ಒಂದೇ ವಸ್ತುವನ್ನು. ಲ್ಯಾಬಿನ ಕಿಟಕಿಯ ಹತ್ತಿರ ಹೋಗಿ, ಬೆರಳುದ್ದದ ಗಾಜಿನ ಕೊಳವೆಯನ್ನು ಎತ್ತಿ, ಕಿಟಕಿಗೆ ಅಂಟಿಸಿದ ಕಾಗದದ ಚೀಟಿಯ ಸಣ್ಣ ಅಕ್ಷರಗಳನ್ನು ಅದರೊಳಗಿಂದ ಓದುವುದು. ಕೊಳವೆಯಲ್ಲಿರುವುದು ಕರುವಿನ ಕಣ್ಣಿನಿಂದ ತೆಗೆದು, ಬೇರ್ಪಡಿಸಿ, ಮತ್ತೆ ಗಟ್ಟಿಯಾಗಿ ಬೆರೆಸಿದ ಪ್ರೋಟೀನಿನ ದ್ರಾವಣ. ಅಕ್ಷರ ಓದಲು ಬಂದರೆ ದ್ರಾವಣ ಚೆನ್ನಾಗಿದೆ, ಯಂತ್ರಕ್ಕೆ ಹೋಗಬಹುದು. ಬರದಿದ್ದರೆ ಕೆಟ್ಟಿದೆ, ಸಿಂಕಿಗೆ ಹೋಗಬೇಕು. ಕಣ್ಣು ಮೊದಲು, ಯಂತ್ರ ಆಮೇಲೆ, ಇದು ಆರ್ವಿಡ್‌ನ ಲ್ಯಾಬಿನ ಕಟ್ಟಳೆ, ಮತ್ತು ಆ ಕಣ್ಣು ಆರ್ವಿಡ್‌ನದು. ಈ ಮೂರು ವಾರದಲ್ಲಿ ಅವನ ವಿದ್ಯಾರ್ಥಿನಿ ತೂವಾ ಎರಡು ಸಲ ಕೊಳವೆ ತಂದಿದ್ದಳು. ಎರಡು ಸಲವೂ ಅವನು ಕಿಟಕಿಯ ಹತ್ತಿರ ಹೋಗಿ, ಹುಬ್ಬು ಗಂಟಿಕ್ಕಿ, "ಹಾಲಾಗಿದೆ ಕಣಮ್ಮ ಇದು, ಬರೀ ಹಾಲು" ಎಂದಿದ್ದ. ಎರಡನೆಯ ಸಲ ಇನ್ನೊಂದು ಮಾತು ಸೇರಿಸಿದ್ದ. "ಕೈ ಇನ್ನೂ ಪಳಗಿಲ್ಲ ಅಂತ ಕಾಣತ್ತೆ." ಆ ಮಾತು ಈಗ ಅವನ ಜೊತೆ ಸೈಕಲ್ಲಿನ ಇನ್ನೊಂದು ಪಕ್ಕ ಹಿಡಿದುಕೊಂಡು ನಡೆದು ಬರುತ್ತಿತ್ತು.

ಒಂದು ಕೊಳವೆಗೆ ಕರುವಿನ ಹದಿನೆಂಟು ಕಣ್ಣು ಬೇಕು. ತೂವಾ ಬೆಳಿಗ್ಗೆ ಐದಕ್ಕೆ ಎದ್ದು ಕಸಾಯಿಖಾನೆಗೆ ಹೋಗಿ, ಕಣ್ಣುಗಳನ್ನು ತಣ್ಣನೆಯ ಪೆಟ್ಟಿಗೆಯಲ್ಲಿ ತುಂಬಿಸಿಕೊಂಡು ಬಸ್ಸಿನಲ್ಲಿ ಬರುತ್ತಿದ್ದಳು. ಒಮ್ಮೆ ಪಕ್ಕದ ಮುದುಕ "ಮೀನಾ?" ಎಂದು ಕೇಳಿದನಂತೆ, ಇವಳು "ಅಲ್ಲ, ಕಣ್ಣು" ಎಂದಳಂತೆ, ಮುಂದಿನ ನಿಲ್ದಾಣದಿಂದ ಆ ಸೀಟು ಖಾಲಿ. ಆ ಕಥೆ ಹೇಳುವಾಗ ಅವಳೂ ನಕ್ಕಿದ್ದಳು. ಅದು ಮಾರ್ಚ್ ತಿಂಗಳು. ಈಚೆಗೆ ಅವಳು ನಗುತ್ತಿರಲಿಲ್ಲ. ಹೋದ ಶುಕ್ರವಾರ ಕಾಫಿ ಕುಡಿಯುತ್ತ, ಯಾರನ್ನೂ ನೋಡದೆ, ಇಸ್ಟಾಡಿನ ಶಾಲೆಯೊಂದರಲ್ಲಿ ರಸಾಯನಶಾಸ್ತ್ರ ಕಲಿಸಲು ಕರೆದಿದ್ದಾರೆ, ಸೋಮವಾರದೊಳಗೆ ಉತ್ತರ ಕೊಡಬೇಕು ಎಂದಳು. "ಒಳ್ಳೇ ಊರು, ಸಮುದ್ರ ಇದೆ" ಎಂದು ಆರ್ವಿಡ್ ಹೇಳಿದ್ದ. ಸಮುದ್ರ ಇದೆಯಂತೆ! ತನ್ನ ಕೈಕೆಳಗೆ ಬಂದ ಹನ್ನೊಂದು ವಿದ್ಯಾರ್ಥಿಗಳಲ್ಲಿ ಇಷ್ಟು ಚೊಕ್ಕ ಕೆಲಸದವಳು ಇನ್ನೊಬ್ಬಳಿಲ್ಲ, ಆ ಹುಡುಗಿ ತನ್ನ ಕೈ ಸರಿಯಿಲ್ಲವೆಂದು ನಂಬಿ ಊರು ಬಿಡುತ್ತಿದ್ದಾಳೆ, ಇವನು ಸಮುದ್ರದ ಸುದ್ದಿ ಹೇಳುತ್ತಾನೆ.

ಉದ್ಯಾನದ ಪಕ್ಕದಲ್ಲಿ ಬಸ್ಸಿಗೆ ಕಾದವರು ಎಂದಿನಂತೆ ಒಬ್ಬರಿಂದೊಬ್ಬರು ಎರಡು ಮಾರು ದೂರ ನಿಂತಿದ್ದರು. ಇವನಿಗೆ ಅವರೆಲ್ಲ ಅಂಚಿಲ್ಲದ ಬಣ್ಣದ ಮುದ್ದೆಗಳಾಗಿ ಕಂಡರು, ಚೆನ್ನಾಗಿಯೇ ಕಂಡರು. ನಮ್ಮ ಜನಕ್ಕೆ ಈ ಪ್ರೋಟೀನುಗಳಿಂದ ಕಲಿಯುವುದಿದೆ ಎಂದು ಅವನು ಪಾಠದಲ್ಲಿ ಹೇಳುವುದಿತ್ತು. ನೀರಿಗೆ ಒಂದಿಷ್ಟು ಪ್ರೋಟೀನು ಹಾಕಿದರೆ ಸ್ವಲ್ಪ ಮಸುಕಾಗುತ್ತದೆ, ಇನ್ನಷ್ಟು ಹಾಕಿದರೆ ಇನ್ನಷ್ಟು ಮಸುಕು. ಇನ್ನು ಮುಗಿಯಿತು ಎಂದುಕೊಳ್ಳುವಾಗ ಮತ್ತೂ ತುರುಕಿದರೆ ತಿಳಿಯಾಗತೊಡಗುತ್ತದೆ. ಕಾಲಿಡಲು ಜಾಗವಿಲ್ಲದ ಆ ಗದ್ದಲದಲ್ಲಿ ಪ್ರತಿಯೊಂದೂ ಪಕ್ಕದ್ದಕ್ಕೆ ಹೊಂದಿಕೊಂಡು ನಿಲ್ಲುತ್ತದೆ, ಬೆಳಕು ನೇರವಾಗಿ ದಾಟಿ ಹೋಗುತ್ತದೆ. ಎರಡು ಜಾತಿಯ ಪ್ರೋಟೀನುಗಳ ನಡುವೆ ಇಷ್ಟೇ ಇಷ್ಟು ಸೆಳೆತವಿರಬೇಕು. ಹೆಚ್ಚಾದರೂ ಕೆಟ್ಟಿತು, ಕಡಿಮೆಯಾದರೂ ಕೆಟ್ಟಿತು, ಎರಡೂ ಬೇರೆ ಬೇರೆ ಗುಂಪು ಕಟ್ಟಿಕೊಂಡು ಎಲ್ಲ ಬೆಳ್ಳಗಾಗುತ್ತದೆ. "ಮದುವೆ ಆದೋರಿಗೆ ಇದನ್ನ ವಿವರಿಸಬೇಕಾಗಿಲ್ಲ" ಎನ್ನುತ್ತಿದ್ದ, ವಿದ್ಯಾರ್ಥಿಗಳು ಮರ್ಯಾದೆಗೆ ನಗುತ್ತಿದ್ದರು. ತೂವಾ ಮಾತ್ರ ನಗದೆ "ಇಷ್ಟೇ ಇಷ್ಟು ಅಂದ್ರೆ ಎಷ್ಟು?" ಎಂದು ಕೇಳಿದ್ದಳು. ಆ ಪ್ರಶ್ನೆಗಾಗಿಯೇ ಅವಳನ್ನು ಸೇರಿಸಿಕೊಂಡಿದ್ದ. ಅದಕ್ಕೆ ಉತ್ತರ ಫ್ರಾನ್ಸಿನ ನ್ಯೂಟ್ರಾನ್ ಕೇಂದ್ರದಲ್ಲಿ ಸಿಗಬೇಕಿತ್ತು, ಅಲ್ಲಿನ ಯಂತ್ರದಲ್ಲಿ ಅವಳಿಗೆ ಎರಡು ದಿನ ಕೊಟ್ಟಿದ್ದರು, ಮೂರನೆಯ ಕೊಳವೆ ಇಂದು ಮಧ್ಯಾಹ್ನ ಎರಡಕ್ಕೆ ಹೊರಡಬೇಕಿತ್ತು.

ಬಹಳ ಹಿಂದೆ ಅವನ ಅಮ್ಮ ಒಂದು ವಸಂತದಲ್ಲಿ ದಿನಾ ಕಿಟಕಿ ತೊಳೆದಿದ್ದಳು. ಸೋಪಿನ ನೀರು, ವಿನೆಗರು, ಹಳೆಯ ಪತ್ರಿಕೆ. ಒರೆಸಿ ದೂರ ನಿಂತು ನೋಡಿ, "ಆ ಪಕ್ಕದ ಮನೆಯೋನ ಹೊಗೆಗೂಡು ನನ್ನ ಕಿಟಕೀನ ಹಾಳು ಮಾಡ್ತು" ಎಂದು ಬಯ್ಯುತ್ತಿದ್ದಳು. ಪಕ್ಕದವನು ಸಾಧು ಮನುಷ್ಯ, ಒಲೆ ಹಚ್ಚುವುದನ್ನೇ ಬಿಟ್ಟುಬಿಟ್ಟ. ಆದರೂ ಕಿಟಕಿ ಮಸುಕು. ಕೊನೆಗೆ ತಂಗಿ ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಆರ್ವಿಡ್ ಆಗಲೇ ಡಾಕ್ಟರೇಟ್ ಮುಗಿಸಿದ್ದ, ಮಸೂರದ ಮೇಲೆಯೇ, ರಜೆಗೆ ಬಂದು ಆ ಕಿಟಕಿಯ ಕೆಳಗೇ ಕೂತು ಕಾಫಿ ಕುಡಿಯುತ್ತಿದ್ದ. ಅವನಿಗೆ ಹೊಳೆದಿರಲಿಲ್ಲ. ಪಕ್ಕದವನ ಹತ್ತಿರ ಅಮ್ಮ ಕ್ಷಮೆ ಕೇಳಿದಳೋ ಇಲ್ಲವೋ ನೆನಪಾಗಲಿಲ್ಲ. ಕೇಳಿರಲಿಕ್ಕಿಲ್ಲ, ಅಮ್ಮನಲ್ಲವೇ. ಅವನಿಗೆ ದಾರಿಯಲ್ಲೇ ನಗು ಬಂತು, ಸೈಕಲ್ಲಿನ ಪೆಡಲು ಮೊಣಕಾಲಿಗೆ ಬಡಿಯಿತು.

ನಗುತ್ತ ನಗುತ್ತಲೇ ಅವನಿಗೊಂದು ಉಪಾಯ ಹೊಳೆಯಿತು, ಅದು ಎಷ್ಟು ಸಲೀಸಾಗಿತ್ತೆಂದರೆ ನಿಂತೇ ಬಿಟ್ಟ. ಇಂದು ಸೋಮವಾರ, ತೂವಾ ಮೂರನೆಯ ಕೊಳವೆ ತರುತ್ತಾಳೆ. ಕಿಟಕಿಗೆ ಹಿಡಿದು ಚೆನ್ನಾಗಿದೆ ಎಂದರಾಯಿತು. ಕೊಳವೆ ಫ್ರಾನ್ಸಿಗೆ ಹೋಗುತ್ತದೆ, ಹುಡುಗಿ ನಗುತ್ತಾಳೆ, ಇಸ್ಟಾಡಿನ ಶಾಲೆಯವರು ಬೇರೆ ಯಾರನ್ನಾದರೂ ಹುಡುಕಿಕೊಳ್ಳಲಿ. ಪೊರೆಯ ಸುದ್ದಿಯನ್ನು ಬೇಸಿಗೆಯ ರಜೆ ಕಳೆದ ಮೇಲೆ, ಇತ್ತೀಚೆಗೆ ಬಂದದ್ದು ಎಂಬಂತೆ, ಎಲ್ಲರೂ ಕೂತಾಗ ತಮಾಷೆಯಾಗಿ ಹೇಳಬಹುದು. ಮಸೂರದ ಪ್ರೊಫೆಸರಿಗೇ ಮಸೂರ ಕೈಕೊಟ್ಟಿತು ಎಂದರೆ ಎಲ್ಲರೂ ನಗುತ್ತಾರೆ. ಮೊದಲ ಎರಡು ಕೊಳವೆಗಳ ಮಾತು ಯಾರೂ ಎತ್ತುವುದಿಲ್ಲ. ಲ್ಯಾಬಿನ ದಾಖಲೆ ಪುಸ್ತಕದಲ್ಲಿ ಅವುಗಳ ಮುಂದೆ ತೂವಾಳ ಹೆಸರೂ 'ಕೆಟ್ಟಿದೆ' ಎಂಬ ಮಾತೂ ಇದೆ, ಇದ್ದರೆ ಇರಲಿ, ಎಲ್ಲರಿಗೂ ಒಂದೆರಡು ಸಲ ಕೆಡುತ್ತದೆ. ಈ ಕೊನೆಯ ವಾಕ್ಯ ಬಂದಾಗ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಹೇಸಿಗೆಯಾದರೂ ಉಪಾಯವನ್ನು ಬಿಡಲಿಲ್ಲ. ಅದಕ್ಕೆ ಬೇಕಾದ ಮಾತನ್ನು ಮನಸ್ಸಿನಲ್ಲೇ ಎರಡು ಸಲ ಅಭ್ಯಾಸ ಮಾಡಿಕೊಂಡ.

ಲ್ಯಾಬಿಗೆ ಬಂದಾಗ ಹತ್ತರ ಕಾಫಿಯ ಹೊತ್ತು. ಈ ಲ್ಯಾಬಿನಲ್ಲಿ ಆರ್ವಿಡ್‌ಗಿಂತ ಎರಡು ವರ್ಷ ಹಳಬಳಾದ ಸಹಾಯಕಿ ಗುನ್ನೆಲ್, ಏಲಕ್ಕಿ ಬನ್ನುಗಳ ಡಬ್ಬಿಯ ಮುಚ್ಚಳ ತೆಗೆದು ಕೂತಿದ್ದಳು.

"ಏನೋ ಇದು, ಸೈಕಲ್ ಇಟ್ಕೊಂಡು ನಡ್ಕೊಂಡ್ ಬರ್ತಿದೀಯ? ಅದಕ್ಕೆ ವಾಕಿಂಗ್ ಮಾಡಿಸ್ತಿದೀಯಾ?"

"ಗಾಳಿ ಕಮ್ಮಿ ಇತ್ತು."

"ಕಣ್ಣು ನೋಡು, ಒಳ್ಳೇ ಗೂಬೆ ಕಣ್ಣಾಗಿದೆ. ನಿದ್ದೆ ಬಂತೋ ಇಲ್ವೋ ರಾತ್ರಿ?"

"ಬಂತು ಮಾರಾಯ್ತಿ. ಒಂದು ಬನ್ನು ಕೊಡು" ಎಂದು ಕೈ ಚಾಚಿದ, ಚಾಚಿದ ಕೈ ಡಬ್ಬಿಯ ಪಕ್ಕದ ಸಕ್ಕರೆ ಬಟ್ಟಲಿಗೆ ಹೋಯಿತು. ಗುನ್ನೆಲ್ ಡಬ್ಬಿಯನ್ನು ಅವನ ಕಡೆ ಸರಿಸಿದಳು.

ಅಷ್ಟರಲ್ಲಿ ತೂವಾ ಶೀತಕೋಣೆಯ ಬಾಗಿಲು ತಳ್ಳಿಕೊಂಡು ಬಂದಳು. ಕೈಯಲ್ಲಿ ಕೊಳವೆ. ಅವಳ ಮುಖ ಅವನಿಗೆ ಕಾಣಲಿಲ್ಲ, ಆದರೆ ನಿಂತ ರೀತಿ ಕಂಡಿತು, ಮೂರನೆಯ ಸಲ ಫೇಲಾಗಲು ತಯಾರಾಗಿ ಬಂದವರ ಹಾಗೆ ಭುಜ ಇಳಿಬಿಟ್ಟಿದ್ದಳು. ಅವನಿಗೆ ತಡೆಯಲಾಗಲಿಲ್ಲ. ಔದಾರ್ಯ ಒಮ್ಮೆಲೇ ಉಕ್ಕಿ ಬಂತು.

"ಆರ್ವಿಡ್, ಒಂದ್ನಿಮಿಷ ಇರು, ಇದನ್ನ ಸ್ವಲ್ಪ..."

"ಕೊಡು ಕೊಡು, ಇತ್ತ ಕೊಡು" ಎಂದು ಅವಳ ಕೈಯಿಂದ ಕೊಳವೆಯನ್ನು ಕಸಿದುಕೊಂಡೇ ಕಿಟಕಿಗೆ ಹೋದ. ಕೊಳವೆ ತಣ್ಣಗಿತ್ತು, ಮೇಲೆ ನೀರು ಕೂತಿತ್ತು. ಅಂಗಿಯ ತುದಿಯಲ್ಲಿ ಒರೆಸಿದ. ಎತ್ತಿ ಹಿಡಿದ. ಕಿಟಕಿಯ ತುಂಬ ಬಿಳಿ, ಕೊಳವೆಯ ತುಂಬ ಬಿಳಿ, ತನ್ನ ಕೈಯೂ ಬಿಳಿ. ನಿಧಾನವಾಗಿ ಹುಬ್ಬೇರಿಸಿದ, ತಲೆದೂಗಿದ, ದಾರಿಯಲ್ಲಿ ಅಭ್ಯಾಸ ಮಾಡಿದ್ದನ್ನು ಹೇಳಿದ. "ಇದಪ್ಪಾ ದ್ರಾವಣ ಅಂದ್ರೆ! ತಿಳಿನೀರು! ಅಕ್ಷರ ಒಂದೊಂದೂ ಎದ್ದು ಕಾಣ್ತಿದೆ."

ಗುನ್ನೆಲ್ ಬನ್ನನ್ನು ತಟ್ಟೆಯಲ್ಲಿಟ್ಟ ಸದ್ದು ಕೇಳಿಸಿತು.

"ಏನು ಬರ್ದಿದೆ ಓದು ನೋಡೋಣ" ಎಂದಳು ಗುನ್ನೆಲ್.

ಅದನ್ನು ಅವನು ನಿದ್ದೆಯಲ್ಲೂ ಹೇಳಬಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಪತ್ರಿಕೆಯ ಹವಾಮಾನದ ಸಾಲನ್ನು ಕತ್ತರಿಸಿ ಅಂಟಿಸಿದವನು ಅವನೇ. "ನಾಳೆ ಮಧ್ಯಾಹ್ನದ ನಂತರ ಮೋಡ ಚದುರಿ ಒಳ್ಳೆಯ ಬಿಸಿಲು."

"ಆ ಚೀಟಿ ಈಸ್ಟರ್‌ಗೇ ಹೋಯ್ತಲ್ಲೋ ಮಾರಾಯ. ನಾನೇ ಕಾಫಿ ಚೆಲ್ಲಿದ್ದೆ. ಈಗಿರೋದು ಮೀನಿನ ಅಂಗಡಿ ಜಾಹೀರಾತು."

ಆರ್ವಿಡ್ ಕೊಳವೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. ತೂವಾ ಹತ್ತಿರ ಬಂದಳು. ಅವಳ ದನಿ ಬಹಳ ಮೆತ್ತಗಿತ್ತು. "ಅದು ಈಗಷ್ಟೇ ಶೀತಕೋಣೆಯಿಂದ ತಂದಿದ್ದು. ಕೈಯಲ್ಲಿ ಬೆಚ್ಚಗೆ ಮಾಡಿ ಕೊಡೋಣ ಅಂತಿದ್ದೆ. ಇನ್ನೂ ಬೆಳ್ಳಗಿದೆ ಆರ್ವಿಡ್. ಹಾಲು ಹಾಲು. ಗೋಡೆಗೆ ಬಳಿಯೋ ಹಾಗಿದೆ. ಅದನ್ನ ನೀನು ತಿಳಿನೀರು ಅಂತೀಯ." ಒಮ್ಮೆ ಉಸಿರೆಳೆದುಕೊಂಡಳು. "ನನ್ನ ಮೇಲೆ ಕನಿಕರನಾ? ಹೋಗೋಳು ಹೋಗ್ತಾಳೆ, ಖುಷಿಯಿಂದ ಹೋಗ್ಲಿ ಅಂತಾನಾ? ಬೇಡ. ಕೆಟ್ಟಿದ್ರೆ ಕೆಟ್ಟಿದೆ ಅನ್ನು. ನಾನೇನು ಚಿಕ್ಕ ಮಗು ಅಲ್ಲ."

ಸಭೆಗಳಲ್ಲಿ ಅವನ ಲೆಕ್ಕಾಚಾರ ತಪ್ಪೆಂದು ಎದ್ದು ನಿಂತು ಹೇಳಿದವರಿದ್ದರು, ಒಮ್ಮೆ ಜರ್ಮನಿಯಲ್ಲಿ ನೂರೈವತ್ತು ಜನರ ಎದುರು ಚಿತ್ರಪಟವನ್ನು ತಲೆಕೆಳಗು ಹಾಕಿಕೊಂಡು ಹತ್ತು ನಿಮಿಷ ಮಾತಾಡಿದ್ದ. ಅವೆಲ್ಲ ಇದರ ಮುಂದೆ ಮಕ್ಕಳಾಟ. ಕನಿಕರ ಎಂದು ಒಪ್ಪಿಕೊಂಡರೆ ಪೊರೆಯ ಮಾತು ಎತ್ತಬೇಕಾಗಿಲ್ಲ, ಹುಡುಗಿ ಮಾತ್ರ ಸಂಜೆಯೊಳಗೆ ಇಸ್ಟಾಡಿಗೆ ಉತ್ತರ ಬರೆಯುತ್ತಾಳೆ. ಕಿಟಕಿಯ ಬಿಳುಪು ಹಾಗೆಯೇ ಇತ್ತು. ಹೇಳಿಬಿಟ್ಟ.

"ನನ್ನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಇವತ್ತು ಬೆಳಗ್ಗೆ ಗೊತ್ತಾಯ್ತು. ನಿನ್ನ ಮೊದಲ್ನೇದೂ ಕೆಟ್ಟಿರ್ಲಿಲ್ಲ, ಎರಡ್ನೇದೂ ಕೆಟ್ಟಿರ್ಲಿಲ್ಲ. ಹಾಲು ಇದ್ದದ್ದು ನನ್ನ ಕಣ್ಣಲ್ಲಿ."

ತೂವಾ ನಲ್ಲಿಯ ಹತ್ತಿರ ಹೋದಳು. ಖಾಲಿ ಕೊಳವೆಗೆ ಏನನ್ನೋ ತುಂಬಿ ತಂದು, ಅವನ ಮುಖದೆದುರು ಬೆಳಕಿಗೆ ಹಿಡಿದಳು. "ಇದು ಹೇಗಿದೆ?"

ನೋಡಿದ. "ಮಂಜು."

"ನೀರು." ಕೊಳವೆಯನ್ನು ಮೇಜಿನ ಮೇಲಿಟ್ಟಳು. "ಮೊದಲು ಬರೀ ನೀರನ್ನ ನೋಡು, ಆಮೇಲೆ ದ್ರಾವಣ ನೋಡು. ನಾನಿಲ್ಲಿಗೆ ಬಂದ ಮೊದಲ್ನೇ ದಿನ ಇದನ್ನ ಹೇಳ್ಕೊಟ್ಟಿದ್ದು ಯಾರು?"

"ನಾನು."

"ಎಷ್ಟು ಸಲ ನೋಡ್ದೆ?"

"ಒಂದ್ಸಲಾನೂ ಇಲ್ಲ."

ಗುನ್ನೆಲ್ ನಗುವನ್ನು ಬಾಯಲ್ಲಿ ಹಿಡಿದಿಟ್ಟುಕೊಳ್ಳಲು ಬನ್ನನ್ನು ತುರುಕಿಕೊಂಡಳು. ತೂವಾ ನಗಲಿಲ್ಲ. "ನನ್ನ ಕಣ್ಣಿಗೆ ಎರಡು ಸಲಾನೂ ತಿಳಿಯಾಗೇ ಕಂಡಿತ್ತು" ಎಂದಳು. "ಎರಡು ಸಲಾನೂ ಆ ಮೀನಿನ ಅಂಗಡಿ ಜಾಹೀರಾತು ಪೂರ್ತಿ ಓದಿದ್ದೆ. ಆದ್ರೂ ಸುರಿದೆ. ಮೂವತ್ತಾರು ಕಣ್ಣು. ನಂಗೆ ನೋಡಕ್ಕೆ ಬರಲ್ಲ ಅಂತ ಅಂದ್ಕೊಂಡೆ. ಮನೆಗೆ ಹೋಗಿ ನನ್ನ ಕೈ ನೋಡ್ಕೊಂಡು ಅತ್ತೆ ಗೊತ್ತಾ."

"ನಂಗೂ ತಿಳಿಯಾಗೇ ಕಂಡಿತ್ತು ಕಣೇ" ಎಂದಳು ಗುನ್ನೆಲ್, ಬಾಯಲ್ಲಿದ್ದದ್ದನ್ನು ನುಂಗಿ. "ಇವನು ಹಾಲು ಅಂದ, ನಾನೂ ಹೂಂ ಅಂದೆ. ನನಗೂ ನಾಚಿಕೆ ಆಗ್ಬೇಕು."

ಆರ್ವಿಡ್ ಕ್ಷಮಿಸು ಎಂದ. ಕೈ ನಿನ್ನದು ಚಿನ್ನದಂಥದ್ದು, ಪಳಗಿಲ್ಲ ಎಂದ ನಾಲಿಗೆಗೆ ಬರೆ ಹಾಕಬೇಕು ಎಂದ. ಇನ್ನೂ ಏನೇನೋ ಹೇಳುತ್ತಿದ್ದ, ತೂವಾ ತಡೆದು ಅವನ ಮುಷ್ಟಿಯನ್ನು ಬಿಡಿಸಿದಳು. ಇಷ್ಟು ಹೊತ್ತು ಬೆವರಿದ ಅಂಗೈಯಲ್ಲಿದ್ದು ಬೆಚ್ಚಗಾದ ಕೊಳವೆಯನ್ನು ತೆಗೆದುಕೊಂಡು ಕಿಟಕಿಗೆ ಹೋದಳು. ಬಹಳ ಹೊತ್ತು ನೋಡಿದಳು. ಆಮೇಲೆ ಶಾಲೆಯ ಮಕ್ಕಳ ಹಾಗೆ ಗಟ್ಟಿಯಾಗಿ ಓದಿದಳು. "ಉಪ್ಪಿನಲ್ಲಿಟ್ಟ ಹೆರಿಂಗ್ ಮೀನು. ಈರುಳ್ಳಿ ಸಮೇತ. ಶನಿವಾರ ಬೇಗ ಬನ್ನಿ."

"ತಿಳಿಯಾಗಿದೆಯಾ?" ಎಂದು ಆರ್ವಿಡ್ ಕೇಳಿದ. ಬದುಕಿನಲ್ಲಿ ಮೊದಲ ಸಲ ಈ ಪ್ರಶ್ನೆಯನ್ನು ಅವನು ಇನ್ನೊಬ್ಬರಿಗೆ ಕೇಳಿದ್ದ.

"ತಿಳಿಯಾಗಿದೆ."

"ಹಂಗಿದ್ರೆ ಸಹಿ ನೀನೇ ಹಾಕು. ಇನ್ಮೇಲೆ ನೋಡೋದೂ ನೀನೇ."

ಅವಳು ಪುಸ್ತಕ ತೆರೆದಳು. ಹಿಂದಿನ ಎರಡು ಸಾಲಿನ ಮೇಲೆ ಪೆನ್ನಿಟ್ಟು ತಲೆಯೆತ್ತಿದಳು. "ಇಲ್ಲಿ ಏನು ಬರೀಲಿ?"

"ದ್ರಾವಣ ಚೆನ್ನಾಗಿತ್ತು, ಪ್ರೊಫೆಸರ್ ಕಣ್ಣು ಕೆಟ್ಟಿತ್ತು ಅಂತ ಬರಿ. ಹಂಗೇ ಬರಿ."

ಅವಳು ಹಾಗೆಯೇ ಬರೆದಳು, ಎರಡು ಸಾಲಿಗೂ ಬೇರೆ ಬೇರೆಯಾಗಿ, ಒಂದಕ್ಕೆ ಬರೆದು ಇನ್ನೊಂದಕ್ಕೆ ಅದರಂತೆಯೇ ಎಂದು ಗೀಟು ಎಳೆಯದೆ. ಪೆನ್ನು ಕಾಗದದ ಮೇಲೆ ಓಡುವ ಸದ್ದು ಆರ್ವಿಡ್‌ಗೆ ಹಿತವಾಗಿ ಕೇಳಿಸಿತು. ಇಸ್ಟಾಡಿನ ಮಾತು ಕೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಕೇಳುವ ಹಕ್ಕು ತನಗಿಲ್ಲ ಎನಿಸಿ ನುಂಗಿಕೊಂಡ. ಭಯವಾಗಿತ್ತು, ನಿಜವಾದ ಭಯ.

ತೂವಾ ಕೊಳವೆಯನ್ನು ಪೆಟ್ಟಿಗೆಯಲ್ಲಿಡುತ್ತ, ಅವನ ಕಡೆ ನೋಡದೆ ಕೇಳಿದಳು. "ಆಪರೇಷನ್ ಯಾವಾಗ?"

"ಒಂದು ಕಣ್ಣು ಸೆಪ್ಟೆಂಬರಲ್ಲಿ. ಇನ್ನೊಂದು ಅಕ್ಟೋಬರಲ್ಲಿ."

"ಒಳಗಿಂದ ತೆಗೆದಿದ್ದನ್ನ ಏನ್ಮಾಡ್ತಾರೆ?"

"ಪುಡಿ ಮಾಡಿ ಹೀರಿ ತೆಗೀತಾರೆ. ಆಮೇಲೆ ಬಿಸಾಕ್ತಾರೆ."

"ಬಿಸಾಕ್ಬೇಡಿ ಅಂತ ಹೇಳು. ಒಂದು ಸೀಸೆಗೆ ಹಾಕಿ ಕೊಡ್ಲಿ. ನಂಗೆ ಬೇಕು."

ಗುನ್ನೆಲ್ ಈಗ ಮುಚ್ಚುಮರೆಯಿಲ್ಲದೆ ನಗತೊಡಗಿದಳು. ಆರ್ವಿಡ್ ಮೇಜು ಹಿಡಿದುಕೊಂಡು ಕುರ್ಚಿಯ ಮೇಲೆ ಕೂತ. ಸೆಪ್ಟೆಂಬರಿನಲ್ಲಿ ಬೇಕಂತೆ, ಅಕ್ಟೋಬರಿನಲ್ಲೂ.

"ಎರಡೂನಾ?"

"ಎರಡು ಸಲ ಸಿಂಕಿಗೆ ಸುರಿಸಿದ್ದೀಯ. ಎರಡೂ ಬೇಕು."

ಅವನ ಕಣ್ಣು ಒದ್ದೆಯಾಯಿತು. ಹನಿಗಳ ನೆಪ ಹೇಳಬಹುದಿತ್ತು, ಹೇಳಲಿಲ್ಲ. "ಮೊದಲು ಎಡಗಣ್ಣಿಂದು ತಗೋಮ್ಮ" ಎಂದ. "ಅದು ಚೆನ್ನಾಗಿ ಬಲಿತಿದೆಯಂತೆ."